ಕಾರಿನ ಒಳಾಂಗಣಕ್ಕೂ ಇರಲಿ ಹೊಸ ಉಡುಗೆ

ಮಕ್ಕಳನ್ನು ಸ್ಕೂಲಿಗೆ ಬಿಡೋದು, ತರಕಾರಿ ತರೋದು, ಅತ್ತೆಯನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗೋದು... ಮನೆಯ ಕಾರು ಅರ್ಧ ದಿನ ನಿಮ್ಮ ಕೈಯಲ್ಲೇ ಇರುತ್ತೆ, ಅಲ್ವಾ? ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದರ ಒಳಗಿನ ಅವಸ್ಥೆ ಹೇಳತೀರದು. ಬಾಗಿಲ ಸ್ವಿಚ್ಚಿನ ಸುತ್ತ ಬಳೆ, ಉಂಗುರ ತಾಗಿದ ಗೀಚು. ಗೇರಿನ ಪಕ್ಕ ಕೀ ಗೊಂಚಲು ಎಸೆದ ಗುರುತು. ಡ್ಯಾಶ್‌ಬೋರ್ಡಿನ ಬೆಳ್ಳಿ ಬಣ್ಣದ ಪಟ್ಟಿಯಂತೂ ಸಿಪ್ಪೆ ಸುಲಿದ ಹಾಗೆ ಎದ್ದಿರುತ್ತೆ. ಹೊಸ ಪಟ್ಟಿ ಹಾಕಿಸೋಣ ಅಂದ್ರೆ ಕಂಪನಿ ಬಿಡಿಭಾಗದ ಬೆಲೆ ಕೇಳಿಯೇ ತಲೆ ತಿರುಗುತ್ತೆ.

ಇದಕ್ಕೊಂದು ಸುಲಭದ ದಾರಿ ಇದೆ. ಅದೇ ಕಾರ್ಬನ್ ಫೈಬರ್ ವಿನ್ಯಾಸದ ವಿನೈಲ್ ಷೀಟು. ಪುಸ್ತಕಕ್ಕೆ ಬೈಂಡ್ ಹಾಕುವಷ್ಟೇ ತಾಳ್ಮೆ ಇದ್ದರೆ ಸಾಕು, ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತೆ. ಅಯ್ಯೋ, ಅದೆಲ್ಲ ಗಂಡಸರ ಕೆಲಸ ಅಂತ ಮೂಗು ಮುರೀಬೇಡಿ. ಬ್ಲೌಸ್ ಪೀಸ್ ಕತ್ತರಿಸಿ, ಹೋಳಿಗೆ ಲಟ್ಟಿಸಿ ಗೊತ್ತಿರುವ ಕೈಗೆ ಇದು ಇನ್ನೂ ಚೆನ್ನಾಗಿ ಒಲಿಯುತ್ತೆ.

ಏನಿದು ಕಾರ್ಬನ್ ಫೈಬರ್?

ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಅಂಟುರಾಳ ಹಾಕಿ ಗಟ್ಟಿ ಮಾಡಿದ ವಸ್ತು ಇದು. ಹಗುರ, ಆದರೆ ಬಲು ಗಟ್ಟಿ. 1981ರಲ್ಲಿ ಮೆಕ್ಲಾರೆನ್ ತಂಡ ತನ್ನ ಫಾರ್ಮುಲಾ ಒನ್ ರೇಸ್ ಕಾರಿನ ಹಂದರವನ್ನೇ ಇದರಿಂದ ಮಾಡಿತು. ಅಲ್ಲಿಂದ ಈ ಕಪ್ಪು ನೇಯ್ಗೆಗೆ ರೇಸ್ ಕಾರಿನ ಠೀವಿ ಅಂಟಿಕೊಂಡಿತು. ಜೀನ್ಸ್ ಬಟ್ಟೆಯಲ್ಲಿ ಕಾಣುವಂಥ ಓರೆ ಗೆರೆಗಳೇ ಇದರ ಗುರುತು. ನಾವು ಅಂಟಿಸೋದು ನಿಜವಾದ ಕಾರ್ಬನ್ ಫೈಬರ್ ಅಲ್ಲ, ಅದೇ ನೇಯ್ಗೆಯ ವಿನ್ಯಾಸವಿರುವ ಪ್ಲಾಸ್ಟಿಕ್ ಷೀಟು. ಕಾರಿಗೆ ಬಲ ಬರೋದಿಲ್ಲ, ಕಳೆ ಬರುತ್ತೆ ಅಷ್ಟೆ!

ಕೊಳ್ಳುವಾಗ ಕೇಳಿ

ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಬೇರೆ ಊರಿನವರಾದರೆ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ವಿಚಾರಿಸಿ. ರೋಲಿನ ಅಗಲ ಸಾಮಾನ್ಯವಾಗಿ 5 ಅಡಿ ಇರುತ್ತೆ. ಬಾಗಿಲ ಸ್ವಿಚ್ ಪ್ಯಾನೆಲ್ಲು, ಗೇರ್ ಸುತ್ತಲಿನ ಭಾಗ, ಡ್ಯಾಶ್‌ಬೋರ್ಡ್ ಪಟ್ಟಿ ಇಷ್ಟಕ್ಕೆ ಇಡೀ ರೋಲು ಬೇಡ, ಒಂದೆರಡು ಅಡಿ ಉದ್ದ ಕತ್ತರಿಸಿ ಕೊಡಿ ಅನ್ನಿ. ಎರಡು ಅಂಗಡಿಯಲ್ಲಿ ಬೆಲೆ ಕೇಳೋದು ಮರೀಬೇಡಿ.

ಷೀಟಿನಲ್ಲಿ ಎರಡು ಜಾತಿ. ಒಂದು ‘ಕಾಸ್ಟ್’. ನೀರುದೋಸೆ ಹೊಯ್ದ ಹಾಗೆ ದ್ರವವನ್ನು ಹರಡಿ ಒಣಗಿಸಿ ಮಾಡಿದ್ದು. ಅಂಚು, ಉಬ್ಬು ತಗ್ಗುಗಳ ಮೇಲೆ ಚೆನ್ನಾಗಿ ಕೂರುತ್ತೆ. ಇನ್ನೊಂದು ‘ಕ್ಯಾಲೆಂಡರ್ಡ್’. ಇದು ರೋಲರುಗಳ ನಡುವೆ ಚಪಾತಿಯಂತೆ ಲಟ್ಟಿಸಿದ್ದು. ಚೆನ್ನಾಗಿ ನೆನೆಯದ ಮೈದಾ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಎಳ್ಕೊಳ್ಳುತ್ತಲ್ಲ, ಹಾಗೆ ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತೆ. ಬೆಲೆ ಕಡಿಮೆ ಅಂತ ಇದನ್ನೇ ಕೊಡೋದು ಹೆಚ್ಚು. ಸಪಾಟು ಜಾಗಕ್ಕಾದರೆ ಪರವಾಗಿಲ್ಲ, ತಿರುವು ಇರುವ ಭಾಗಕ್ಕೆ ಕಾಸ್ಟ್ ಷೀಟೇ ಇರಲಿ. ಹಿಂಬದಿಯಲ್ಲಿ ಗಾಳಿ ಹೊರಹೋಗಲು ಸಣ್ಣ ಗೆರೆಗಳಿವೆಯಾ ಅಂತಲೂ ಕೇಳಿ. ಹೊಸಬರಿಗೆ ಇದು ವರದಾನ.

ಹೊಳಪಿನದೋ, ಮ್ಯಾಟೋ? ಕಾರಿನೊಳಗೆ ಮ್ಯಾಟ್ ಒಳ್ಳೆಯದು. ಹೊಳೆಯುವ ಷೀಟಿನಿಂದ ಮಧ್ಯಾಹ್ನದ ಬಿಸಿಲು ಪ್ರತಿಫಲಿಸಿ ನೇರ ಕಣ್ಣಿಗೆ ಬಡಿಯುತ್ತೆ.

ಇಲ್ಲಿ ಮಾತ್ರ ಬೇಡವೇ ಬೇಡ!

ಇದನ್ನು ದಯವಿಟ್ಟು ಎರಡು ಸಲ ಓದಿ. ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕರಿಗೆ ಏರ್‌ಬ್ಯಾಗ್ ಕಡ್ಡಾಯ. 2021ರಿಂದ ಮುಂದಿನ ಪಕ್ಕದ ಸೀಟಿಗೂ ಕಡ್ಡಾಯವಾಗಿದೆ. ಅಪಘಾತವಾದಾಗ ಇದು ಸೆಕೆಂಡಿನ 20ನೇ ಒಂದು ಭಾಗದೊಳಗೆ ಮುಚ್ಚಳ ಸೀಳಿಕೊಂಡು ಹೊರಬರಬೇಕು. ಆ ಸೀಳುವ ಗೆರೆಯ ಮೇಲೆ ನೀವು ಗಟ್ಟಿ ಷೀಟು ಎಳೆದು ಅಂಟಿಸಿದರೆ? ಬಿಚ್ಚಿಕೊಳ್ಳೋದು ತಡವಾಗಬಹುದು, ಓರೆಯಾಗಬಹುದು, ಷೀಟಿನ ತುಂಡೇ ಮುಖಕ್ಕೆ ಬಡಿಯಬಹುದು.

ಹಾಗಾಗಿ ಸ್ಟೀರಿಂಗಿನ ನಡುಭಾಗ, ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಬರೆದಿರುವ ಯಾವುದೇ ಜಾಗ, ಎಡಗಡೆ ಗ್ಲೋವ್ ಬಾಕ್ಸಿನ ಮೇಲ್ಭಾಗ, ಕಿಟಕಿ ಪಕ್ಕದ ಕಂಬಗಳು ಇವನ್ನು ಮುಟ್ಟಬೇಡಿ. ಅಂಗಡಿಯಲ್ಲಿ ಮಾಡಿಸುವಾಗ ‘ಒಂದೇ ಪೀಸ್ ಎಳೆದ್ರೆ ಚೆನ್ನಾಗ್ ಕಾಣುತ್ತೆ ಮೇಡಂ’ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಆ ಸೀಟಲ್ಲಿ ಕೂರೋದು ನಿಮ್ಮ ಅತ್ತೆ, ನಿಮ್ಮ ಅಮ್ಮ. ಅಂದಕ್ಕಿಂತ ಅವರ ಜೀವ ದೊಡ್ಡದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತಿದ್ದರೆ ಸೀಟ್ ಕವರಿಗೂ ಇದೇ ಮಾತು.

ಡ್ಯಾಶ್‌ಬೋರ್ಡಿನ ಮೇಲ್ಮೈಗೂ ಬೇಡ, ಮುಂದಿನ ಗಾಜಿನಲ್ಲಿ ಅದರ ನೆರಳು ಕಾಣುತ್ತೆ. ರಬ್ಬರಿನಂತೆ ಮೆತ್ತಗಿರುವ, ಚರ್ಮದಂತೆ ಒರಟಾಗಿರುವ ಜಾಗದಲ್ಲಿ ಅಂಟು ನಿಲ್ಲೋದಿಲ್ಲ. ಗೇರಿನ ಗುರುತು, ಸ್ವಿಚ್ಚಿನ ಚಿತ್ರಗಳನ್ನೂ ಮುಚ್ಚಬೇಡಿ.

ಬೇಕಾಗುವ ಸಾಮಾನು

* ಹೇರ್ ಡ್ರೈಯರ್ (ಮನೆಯಲ್ಲಿರೋದೇ ಸಾಕು)
* ಒಡೆಯಬಹುದಾದ ಬ್ಲೇಡಿನ ಪೇಪರ್ ಕಟರ್, ಹೊಸ ಬ್ಲೇಡು
* ಮೆತ್ತಗಿನ ಬಟ್ಟೆ ಸುತ್ತಿದ ಹಳೇ ಎಟಿಎಂ ಕಾರ್ಡು
* ಪಾತ್ರೆ ತೊಳೆಯುವ ಲಿಕ್ವಿಡ್, ಐಸೋಪ್ರೊಪೈಲ್ ಆಲ್ಕೋಹಾಲ್
* ನೂಲು ಬಿಡದ ಎರಡು ಬಟ್ಟೆ, ಒಂದು ಸೂಜಿ

ಶುರು ಮಾಡೋಣವೇ?

ಬಿಚ್ಚುವುದು: ಕೀ ತೆಗೆದಿಡಿ. ಮೊದಲ ಸಲವಾದರೆ ಬಾಗಿಲ ಸ್ವಿಚ್ ಪ್ಯಾನೆಲ್ಲಿನಿಂದ ಶುರು ಮಾಡಿ. ಹಲವು ಕಾರುಗಳಲ್ಲಿ ಇದು ಬರೀ ಕ್ಲಿಪ್ಪುಗಳ ಮೇಲೆ ಕೂತಿರುತ್ತೆ. ಸ್ಕ್ರೂಡ್ರೈವರ್ ತೂರಿಸಿದರೆ ಪ್ಲಾಸ್ಟಿಕ್ ಗಾಯವಾಗುತ್ತೆ, ಪ್ಲಾಸ್ಟಿಕ್ಕಿನದೇ ಏನಾದರೂ ಬಳಸಿ ಮೆಲ್ಲಗೆ ಎಬ್ಬಿಸಿ. ಬಲವಂತ ಬೇಡ, ಎಲ್ಲೋ ಒಂದು ಸ್ಕ್ರೂ ಅಡಗಿರಬಹುದು. ಒಳಗಿನ ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ತೊಳೆಯುವುದು: ನನ್ನ ಮೊದಲ ಪ್ರಯತ್ನ ಕೆಟ್ಟಿದ್ದೇ ಇಲ್ಲಿ. ಚೆನ್ನಾಗಿರಲಿ ಅಂತ ಡ್ಯಾಶ್‌ಬೋರ್ಡ್ ಪಾಲಿಷ್ ಹಾಕಿ ಒರೆಸಿ ಅಂಟಿಸಿದ್ದೆ. ವಾರದೊಳಗೆ ಮೂಲೆಗಳೆಲ್ಲ ಎದ್ದು ಕೂತವು! ಪಾಲಿಷಿನಲ್ಲಿರುವ ಸಿಲಿಕೋನ್ ಅಂಟಿಗೆ ಬದ್ಧವೈರಿ. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ. ಮೂಲೆ, ಹಿಂದಿನ ಅಂಚು ಬಿಡಬೇಡಿ. ಹಳೇ ಬಣ್ಣ ಸಿಪ್ಪೆ ಎದ್ದಿದ್ದರೆ ಉಪ್ಪುಕಾಗದದಲ್ಲಿ ನಯವಾಗಿ ಉಜ್ಜಿ. ಇಲ್ಲದಿದ್ದರೆ ಏರುಪೇರು ಮೇಲೆ ಎದ್ದು ಕಾಣುತ್ತೆ. ನೇಲ್ ಪಾಲಿಷ್ ರಿಮೂವರ್, ಥಿನ್ನರ್, ಪೆಟ್ರೋಲ್ ಬೇಡ. ಪ್ಲಾಸ್ಟಿಕ್ಕೇ ಕರಗೀತು.

ಕತ್ತರಿಸುವುದು: ಸುತ್ತಲೂ ಒಂದೂವರೆ ಇಂಚು ಹೆಚ್ಚಿಗೆ ಬಿಡಿ. ಗೆರೆ ಇರುವ ಬಟ್ಟೆಯಲ್ಲಿ ರವಿಕೆ ಹೊಲಿಯುವಾಗ ಎರಡೂ ತೋಳಿನ ಗೆರೆ ಒಂದೇ ದಿಕ್ಕಿಗಿರಬೇಕು ತಾನೆ? ಇಲ್ಲೂ ಅದೇ ನಿಯಮ. ಹಿಂಬದಿ ಕಾಗದದ ಮೇಲೆ ಬಾಣದ ಗುರುತು ಹಾಕಿ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಿ.

ಅಂಟಿಸುವುದು: ಫ್ಯಾನ್ ಆರಿಸಿ, ಧೂಳು ಕೂರಬಾರದು. ನೀರು ಚಿಮುಕಿಸುವುದೂ ಬೇಡ. ಕಾಗದ ಬಿಡಿಸಿ ಷೀಟನ್ನು ಮೆಲ್ಲಗೆ ಹಾಸಿ, ಕಾರ್ಡಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಸುಕ್ಕು ಬಿದ್ದರೆ ಗಾಬರಿ ಬೇಡ, ಎಬ್ಬಿಸಿ, ಡ್ರೈಯರ್ ಗಾಳಿ ಕೊಟ್ಟು ಮತ್ತೆ ಹಾಸಿ. ತಿರುವು ಬಂದಾಗ ಬಿಸಿ ಮಾಡಿ, ಮೆತ್ತಗಾದ ಮೇಲೆ ಸ್ವಲ್ಪವೇ ಎಳೆಯಿರಿ. ಜಾಸ್ತಿ ಎಳೆದರೆ ನೇಯ್ಗೆ ಸೊಟ್ಟಗಾಗುತ್ತೆ. ಹೊರಗಿನ ಸುತ್ತು ಅಂಚಿನಲ್ಲಿ ಹೆಚ್ಚಿಗೆ ಬಿಟ್ಟ ಭಾಗಕ್ಕೆ, ದುಂಡು ಕತ್ತಿನ ರವಿಕೆ ಮಡಿಚುವಾಗ ಕೊಡುವಂತೆ ಸಣ್ಣ ಕಚ್ಚು ಕೊಟ್ಟು ಹಿಂದಕ್ಕೆ ಅರ್ಧ ಇಂಚು ಮಡಿಸಿ. ಕಚ್ಚು ಮುಂಭಾಗದವರೆಗೆ ಬರದಂತೆ ನೋಡಿಕೊಳ್ಳಿ. ಸ್ವಿಚ್ಚಿನ ಕಿಂಡಿ ಇರುವಲ್ಲಿ ಪೂರ್ತಿ ಅಂಟಿಸಿದ ಮೇಲೆ ಮೂಲೆಯಿಂದ ಮೂಲೆಗೆ ಕತ್ತರಿ ಗುರುತಿನಂತೆ ಸೀಳಿ ಒಳಗೆ ಮಡಿಸಿ. ಗಾಳಿಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಿ.

ಕೊನೆಯ ಬಿಸಿ: ಇದನ್ನು ಬಿಟ್ಟವರೇ ಹೆಚ್ಚು, ಪೇಚಾಡುವವರೂ ಅವರೇ. ಅಂಚು, ಮೂಲೆ, ಎಳೆದ ಜಾಗಗಳಿಗೆ ಮತ್ತೊಮ್ಮೆ ಚೆನ್ನಾಗಿ ಬಿಸಿ ಕೊಟ್ಟು ಬೆರಳಿನಿಂದ ಒತ್ತಿ ಹಿಡಿಯಿರಿ. ಆಗಲೇ ಷೀಟು ಹೊಸ ಆಕಾರಕ್ಕೆ ಒಗ್ಗಿಕೊಳ್ಳೋದು. ಒಂದು ದಿನ ಹಾಗೇ ಬಿಟ್ಟು ನಂತರ ಜೋಡಿಸಿ. ಗಾಡಿ ಹೊರಡಿಸುವ ಮುಂಚೆ ಕಿಟಕಿ, ಲಾಕು ಎಲ್ಲ ಸ್ವಿಚ್ಚು ಒತ್ತಿ ಪರೀಕ್ಷಿಸಿ.

ಆಮೇಲಿನ ಆರೈಕೆ

ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಆದಷ್ಟೂ ನೆರಳಲ್ಲಿ ನಿಲ್ಲಿಸಿ. ಅಂಚು ಎದ್ದರೆ ಫೆವಿಕ್ವಿಕ್ ಹಾಕೋಕೆ ಹೋಗಬೇಡಿ, ಬಿಸಿ ಮಾಡಿ ಒತ್ತಿ. ಬೇಜಾರಾದರೆ ಬಿಸಿ ಕೊಡುತ್ತಾ ನಿಧಾನಕ್ಕೆ ಸುಲಿದು ತೆಗೀಬಹುದು. ಉಳಿದ ಅಂಟನ್ನು ಆಲ್ಕೋಹಾಲಿನಿಂದ ಒರೆಸಿ. ಹೊರಗಿನ ಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬದಲಿಸಬೇಕು. ಒಳಗಿನ ಪಟ್ಟಿಗೆ ಆ ತಾಪತ್ರಯವಿಲ್ಲ.

ಮೊದಲ ಪ್ಯಾನೆಲ್ಲು ಕೊಂಚ ಸೊಟ್ಟಗಾದರೂ ಬೇಸರ ಬೇಡ, ಮೊದಲ ದೋಸೆ ಯಾರದ್ದು ತಾನೇ ದುಂಡಗೆ ಬಂದಿದೆ? ಎರಡನೆಯದು ಸರಿಯಾಗುತ್ತೆ. ಸೋಮವಾರ ಬೆಳಿಗ್ಗೆ ಕಾರು ಹತ್ತಿದ ಮಗ ‘ಇದ್ಯಾರು ಮಾಡಿದ್ದಮ್ಮಾ?’ ಅಂತ ಕೇಳಿದಾಗ ಸುಮ್ಮನೆ ನಕ್ಕುಬಿಡಿ. ಬೆಲ್ಟ್ ಹಾಕ್ಕೊ ಅನ್ನೋದು ಮಾತ್ರ ಮರೀಬೇಡಿ!