ಹಿಮಪಥದ ಸಾರಥ್ಯ

ಕನ್ನಡದ ‘ಮಂಜು’ ಎಂಬ ಮಾತು ಬಹು ಉದಾರವಾದುದು. ಮಡಿಕೇರಿಯ ಮುಂಜಾವನ್ನು ಮುಸುಕುವ ತೆಳುತೆರೆಯೂ ಮಂಜು. ಹಿಮಾಲಯದ ಇಳಿಜಾರುಗಳಲ್ಲಿ ಬೆಳ್ಳಗೆ ಬಿದ್ದಿರುವ ರಾಶಿಯೂ ಮಂಜು. ಹಿಮ ಬೀಳದ ನಾಡಿನಲ್ಲಿ ಬೆಳೆದ ನುಡಿಗೆ ಇವೆರಡನ್ನೂ ಬೇರ್ಪಡಿಸಿ ಹೇಳಬೇಕಾದ ಸಂದರ್ಭ ಹೆಚ್ಚಾಗಿ ಒದಗಲಿಲ್ಲ. ಆದರೆ ವಾಹನ ನಡೆಸುವವನಿಗೆ ಇವೆರಡರ ಅಂತರ ಪ್ರಾಣದ ಅಂತರ. ಮೊದಲನೆಯದು ಕಣ್ಣನ್ನು ಕಟ್ಟುತ್ತದೆ. ಎರಡನೆಯದು ಗಾಲಿಯ ಕೆಳಗಿನ ನೆಲವನ್ನೇ ಕಸಿದುಕೊಳ್ಳುತ್ತದೆ. ಆಗುಂಬೆ, ಚಾರ್ಮಾಡಿಗಳ ತಿರುವುಗಳಲ್ಲಿ ಪಳಗಿದ ಕೈಗೆ ಮೊದಲನೆಯದರ ಪರಿಚಯ ಚೆನ್ನಾಗಿಯೇ ಉಂಟು. ಎರಡನೆಯದರ ಪಾಠವನ್ನು ಅದು ಹೊಸದಾಗಿ ಕಲಿಯಬೇಕು.

ಈ ಪಾಠದ ಅಗತ್ಯ ಈಚಿನ ವರ್ಷಗಳಲ್ಲಿ ಹೆಚ್ಚಿದೆ. 2020ರ ಅಕ್ಟೋಬರ್ 3ರಂದು ಹಿಮಾಚಲ ಪ್ರದೇಶದ ರೋಹ್ತಾಂಗ್ ಘಟ್ಟದ ಅಡಿಯಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ಉದ್ಘಾಟನೆಗೊಂಡಿತು. ಅಲ್ಲಿಯವರೆಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ರಸ್ತೆಯ ಸಂಪರ್ಕವನ್ನೇ ಕಳೆದುಕೊಳ್ಳುತ್ತಿದ್ದ ಲಾಹೌಲ್ ಪ್ರದೇಶ ಮನಾಲಿಗೆ ನೆರೆಮನೆಯಂತಾಯಿತು. ಹಿಮವನ್ನು ಕಾಣುವ ಆಸೆಯಿಂದ ಬಯಲುನಾಡಿನ ಜನ ತಮ್ಮ ತಮ್ಮ ಕಾರುಗಳಲ್ಲಿಯೇ ಅತ್ತ ಹೊರಟರು. ಸುರಂಗದ ಒಳಗೆ ಹಿಮ ಬೀಳದು, ನಿಜ. ಆದರೆ ಅದರ ಎರಡು ಬಾಯಿಗಳೂ 3,000 ಮೀಟರಿಗಿಂತ ಎತ್ತರದಲ್ಲಿವೆ. ಅಲ್ಲಿಗೆ ಏರಿಹೋಗುವ ದಾರಿ ಮುಗಿಲಿನ ಕೆಳಗೇ ಇದೆ. 2024ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಹಿಮ ಸುರಿದಾಗ ಸೋಲಂಗ್‌ಗೂ ಸುರಂಗಕ್ಕೂ ನಡುವೆ ನೂರಾರು ವಾಹನಗಳು ಸಿಕ್ಕಿಕೊಂಡುವು.

ಕಾರೊಂದು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಕೆಳಗಿನ ಅಂಗೈಯಗಲದ ನಾಲ್ಕು ತಾಣಗಳಲ್ಲಿ ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಈ ಮೂರೂ ಆ ತಾಣಗಳ ಘರ್ಷಣೆಯಿಂದಲೇ ಆಗಬೇಕು. ಸಮತಟ್ಟಾದ ಒಣ ಡಾಂಬರಿನ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತೀತು. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಸುಮಾರು 30 ಮೀಟರ್ ಬೇಕು. ನುಣುಪಾದ ಮಂಜುಗಡ್ಡೆಯ ಮೇಲೆ 60 ಮೀಟರಾದರೂ ಆಶ್ಚರ್ಯವಿಲ್ಲ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಆದರೆ ವೇಗವನ್ನು ಅರ್ಧಕ್ಕಿಳಿಸಿದರೆ ಈ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರಕೃತಿ ವಿಧಿಸಿದ ದಂಡದಲ್ಲಿ ಇಷ್ಟು ದೊಡ್ಡ ರಿಯಾಯಿತಿ ಮತ್ತೆಲ್ಲಿಯೂ ದೊರೆಯಲಾರದು.

ಎಂಜಿನಿನ ಬಲ ನಾಲ್ಕು ಗಾಲಿಗಳಿಗೂ ಹರಿಯುವ ವಾಹನಗಳಿವೆ. ಎರಡಕ್ಕೆ ಮಾತ್ರ ಹರಿಯುವ ಸಾಧಾರಣ ಕಾರುಗಳಿವೆ. ಮೊದಲನೆಯದು ಹಿಮದಲ್ಲಿ ಸುಲಭವಾಗಿ ಹೊರಡುತ್ತದೆ, ಏರನ್ನು ಹತ್ತುತ್ತದೆ. ಆದರೆ ನಿಲ್ಲುವ ಮಾತು ಬಂದಾಗ ಎರಡೂ ಸಮಾನ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೆ ಇದ್ದೇ ಇರುತ್ತದೆ. ಬಲಶಾಲಿಯಾದ ವಾಹನ ತನ್ನ ಒಡೆಯನನ್ನು ಮೇಲಕ್ಕೆ ಕೊಂಡೊಯ್ದು, ಇಳಿಯುವಾಗ ಕೈಬಿಡಬಹುದು. ಸಾಧಾರಣ ಕಾರಾದರೋ ಏರಿನಲ್ಲಿಯೇ ಗಾಲಿ ತಿರುಗಿಸಿ, ‘ಮುಂದೆ ಹೋಗಬೇಡ’ ಎಂದು ಎಚ್ಚರಿಸುತ್ತದೆ. ದೌರ್ಬಲ್ಯವೂ ಒಮ್ಮೊಮ್ಮೆ ಹಿತವಚನವಾಗಬಲ್ಲುದು; ಕೇಳುವ ಕಿವಿ ಇರಬೇಕು, ಅಷ್ಟೆ.

ಹಾಗೆಂದು ಸಾಧಾರಣ ಕಾರು ನಿಸ್ಸಹಾಯವೇನೂ ಅಲ್ಲ. ಅಮೆರಿಕದ ಹ್ಯಾರಿ ವೀಡ್ ಎಂಬಾತ 1904ರಲ್ಲಿಯೇ ಟೈರಿಗೆ ತೊಡಿಸುವ ಸರಪಳಿಗೆ ಹಕ್ಕುಪತ್ರ ಪಡೆದನು. ಹಿಮ ಬಿದ್ದಾಗ ಮನಾಲಿಯಿಂದ ಮೇಲಕ್ಕೆ ನಾಲ್ಕು ಗಾಲಿಯ ಬಲವಿರುವ ವಾಹನಗಳನ್ನೂ ಸರಪಳಿ ತೊಟ್ಟ ವಾಹನಗಳನ್ನೂ ಮಾತ್ರ ಪೊಲೀಸರು ಬಿಡುವುದುಂಟು. ಸರಪಳಿಯನ್ನು ಎಂಜಿನಿನ ಬಲ ಹರಿಯುವ ಗಾಲಿಗಳಿಗೇ ತೊಡಿಸಬೇಕು. ನಮ್ಮ ಚಿಕ್ಕ ಕಾರುಗಳಲ್ಲಿ ಬಹುಪಾಲು ಇವು ಮುಂದಿನ ಗಾಲಿಗಳು. ಎಂಜಿನಿನ ಭಾರವೂ ಅವುಗಳ ಮೇಲೆಯೇ ಇರುವುದರಿಂದ ಹಿಡಿತ ತಕ್ಕಮಟ್ಟಿಗೆ ದೊರೆಯುತ್ತದೆ. ಇಳಿಯುವಾಗ ಮಾತ್ರ ಸರಪಳಿಯಿಲ್ಲದ ಹಿಂಭಾಗ ಹಗುರಾಗಿ ಪಕ್ಕಕ್ಕೆ ಜಾರೀತೆಂಬುದನ್ನು ಮರೆಯಲಾಗದು.

ಇನ್ನು ನಡೆಸುವ ರೀತಿ. ಹೊರಡುವಾಗ ಎರಡನೆಯ ಗೇರಿನಲ್ಲಿ ಮೆಲ್ಲನೆ ಹೊರಡಬೇಕು. ಗಾಲಿ ಇದ್ದಲ್ಲಿಯೇ ತಿರುಗತೊಡಗಿದರೆ ಎಂಜಿನನ್ನು ಇನ್ನಷ್ಟು ಕೂಗಿಸುವುದು ವ್ಯರ್ಥ. ಕೆಳಗಿನ ಹಿಮ ಕರಗಿ ಗಾಜಿನಂತಾಗುವುದೇ ಅದರ ಫಲ. ಏರಿನಲ್ಲಿ ನಡುವೆ ನಿಲ್ಲದೆ ಒಂದೇ ಹದದಲ್ಲಿ ಸಾಗಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರನ್ನೇ ನೆಚ್ಚಿಕೊಂಡು, ತಿರುವಿಗೆ ಮೊದಲೇ ವೇಗ ಕಳೆದು, ಆಮೇಲೆ ತಿರುಗಬೇಕು. ಹಿಂಭಾಗ ಜಾರಿದರೆ ಪೆಡಲುಗಳಿಂದ ಕಾಲನ್ನು ಸಡಿಲಿಸಿ, ಅದು ಯಾವ ಕಡೆಗೆ ಜಾರುತ್ತಿದೆಯೋ ಆ ಕಡೆಗೇ ಸ್ಟೀರಿಂಗನ್ನು ಮೆಲ್ಲನೆ ತಿರುಗಿಸಬೇಕು. ನೆರಳಿನ ತಿರುವುಗಳನ್ನೂ ಸೇತುವೆಗಳನ್ನೂ ವಿಶೇಷವಾಗಿ ಶಂಕಿಸಬೇಕು. ಮೇಲೆ ಕೆಳಗೆ ಎರಡೂ ಕಡೆ ತಣ್ಣನೆಯ ಗಾಳಿ ಆಡುವುದರಿಂದ ಸೇತುವೆ ಬೇಗ ಹೆಪ್ಪುಗಟ್ಟುತ್ತದೆ. ಹಗಲಿನಲ್ಲಿ ಕರಗಿದ ನೀರು ಸಂಜೆಗೆ ಕಣ್ಣಿಗೆ ಕಾಣದ ಗಡ್ಡೆಯಾಗುವುದರಿಂದ ಹೊತ್ತು ಇಳಿಯುವ ಮೊದಲೇ ಕೆಳಗಿಳಿದುಬಿಡುವುದು ಕ್ಷೇಮ.

ಇಷ್ಟೆಲ್ಲ ಬಲ್ಲವನೂ ಸಿಕ್ಕಿಬೀಳಬಹುದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಕಾರುಗಳಲ್ಲಿಯೇ ಉಳಿದ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರೂ ಹಿಮವನ್ನು ನೋಡಿ ನಲಿಯಲು ಹೋದವರೇ, ಮಕ್ಕಳೂ ಅವರಲ್ಲಿದ್ದರು. ನಿಂತ ಕಾರಿನಲ್ಲಿ ಬೆಚ್ಚಗಿರಲೆಂದು ಎಂಜಿನನ್ನು ನಡೆಸಿದಾಗ ಹೊಗೆಕೊಳವೆ ಹಿಮದಲ್ಲಿ ಹೂತಿದ್ದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಒಳಗೆ ತುಂಬಿ ನಿದ್ರೆಯಲ್ಲಿಯೇ ಕೊಲ್ಲುತ್ತದೆ. ಆದುದರಿಂದ ಸಿಕ್ಕಿಕೊಂಡವನ ಮೊದಲ ಕೆಲಸ ಕೊಳವೆಯ ಸುತ್ತಲಿನ ಹಿಮವನ್ನು ತೆಗೆಯುವುದು. ಎಂಜಿನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ನಡೆಸಿ, ಕಿಟಕಿಯನ್ನು ಕೊಂಚ ತೆರೆದಿಡುವುದು. ಒಂದು ಸಲಿಕೆ, ಕಂಬಳಿಗಳು, ನೀರು, ತಿನಿಸು ಇವು ಜತೆಯಲ್ಲಿರಲೇಬೇಕು.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನಮ್ಮ ಹಿರಿಯರು ಹಿಮವನ್ನು ಕಾಣದೆಯೇ ಹೇಳಿದರು. ನೂರಾರು ಹರದಾರಿ ನಡೆದುಬಂದ ಪ್ರವಾಸಿಗೆ ಇನ್ನು ನಾಲ್ಕೇ ಮೈಲಿ ಉಳಿದಿರುವಾಗ ಹಿಂದಿರುಗುವುದು ಸೋಲೆಂದು ತೋರುವುದು ಸಹಜ. ಆದರೆ ಶಿಖರ ಅಲ್ಲಿಯೇ ಇರುತ್ತದೆ. ಮುಂದಿನ ವರ್ಷವೂ ಹಿಮ ಬೀಳುತ್ತದೆ. ಕಾರಿನ ಹಿಂದಿನ ಆಸನದಲ್ಲಿ ನಂಬಿ ನಿದ್ದೆಹೋದ ಮಗುವಿನ ಮುಂದೆ ಆ ನಾಲ್ಕು ಮೈಲಿ ಎಷ್ಟರದು? ಜಾರುವ ದಾರಿಯಲ್ಲಿ ಕಾರನ್ನು ಹಿಂದಿರುಗಿಸಬಲ್ಲವನೇ ನಿಜವಾದ ಸಾರಥಿ.