ಪಿಟಿ ಪಿರಿಯಡ್‌ನಲ್ಲಿ ಮಲ್ಲಕಂಬ, ಕಿಕ್‌ಬಾಕ್ಸಿಂಗ್: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಪೋಷಕರು ಕೇಳಬೇಕಾದ್ದೇನು?

ಹೈದರಾಬಾದ್: ಬೀದರ್, ಕಲಬುರಗಿಯ ವ್ಯಾಪಾರಿಗಳಿಗೂ ಪರಿಚಿತವಾದ ಬೇಗಂ ಬಜಾರ್‌ನಂತಹ ಇಕ್ಕಟ್ಟಿನ ಸಗಟು ಮಾರುಕಟ್ಟೆ ಪ್ರದೇಶದಲ್ಲಿ ಶಾಲೆಗೆ ದೊಡ್ಡ ಮೈದಾನ ಸಿಗುವುದು ಕಷ್ಟ. ಇಂತಹ ಕಡೆ ಒಂದು ಹಾಲ್‌ನಲ್ಲೇ ಕಲಿಸಬಹುದಾದ ಕರಾಟೆ, ಕಿಕ್‌ಬಾಕ್ಸಿಂಗ್, ಮಲ್ಲಕಂಬದಂತಹ ಆಟಗಳು ಅನುಕೂಲ. ಆದರೆ ಒಪ್ಪಿಗೆ ಪತ್ರ ಮನೆಗೆ ಬಂದಾಗ ಪೋಷಕರಿಗೆ ಆತಂಕ ಸಹಜ. ಮಗು ಮೇಲಿಂದ ಬಿದ್ದರೆ? ತಲೆಗೆ ಪೆಟ್ಟಾದರೆ?

ಈ ಆಟಗಳಿಗೆ ಮನ್ನಣೆ ಸಿಕ್ಕಿದ್ದು ಹೇಗೆ?

ಸಿಬಿಎಸ್‌ಇ 2018ರಲ್ಲಿ 9ರಿಂದ 12ನೇ ತರಗತಿಗೆ ದಿನಕ್ಕೊಂದು ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಪಿರಿಯಡ್ ಕಡ್ಡಾಯಗೊಳಿಸಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಮಲ್ಲಕಂಬ, ಕಳರಿಪಯಟ್ಟು, ಗತ್ಕಾ ಮತ್ತು ಥಾಂಗ್‌-ತಾ ಆಟಗಳನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿತು. ಉತ್ತರ ಕರ್ನಾಟಕದ ಲಕ್ಷ್ಮೇಶ್ವರ, ತುಳಸಿಗೇರಿ ಮುಂತಾದೆಡೆ ಮಲ್ಲಕಂಬ ಮೊದಲೇ ಮನೆಮಾತು.

ಅಪಾಯ ಎಲ್ಲಿದೆ?

ಮಲ್ಲಕಂಬ ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರ ಇರುತ್ತದೆ. ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ಹಿಡಿಯಲು ತರಬೇತುದಾರ ಇಲ್ಲದಿದ್ದರೆ ಬಿದ್ದ ಮಗುವಿನ ಕುತ್ತಿಗೆಗೇ ಪೆಟ್ಟಾಗಬಹುದು. ಕಿಕ್‌ಬಾಕ್ಸಿಂಗ್‌ನಲ್ಲಿ ತಲೆಯ ಗಾಯದ ಭಯ. 2022ರ ಜುಲೈನಲ್ಲಿ ಬೆಂಗಳೂರಿನ ಪಂದ್ಯವೊಂದರಲ್ಲಿ ಗಾಯಗೊಂಡ ಮೈಸೂರಿನ ಯುವಕ ಮೃತಪಟ್ಟಿದ್ದರು. ಸ್ಥಳದಲ್ಲಿ ಸೂಕ್ತ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಕುಟುಂಬ ಆರೋಪಿಸಿತ್ತು.

ಹಾಗೆಂದು ಮಾಮೂಲಿ ಆಟಗಳೆಲ್ಲ ಸುರಕ್ಷಿತವಲ್ಲ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಚೆಂಡಿಗೆ ತಲೆ ಕೊಡುವುದನ್ನು ನಿಷೇಧಿಸಿತು. ಅಲ್ಲಿ ಆಟ ನಿಲ್ಲಲಿಲ್ಲ, ನಿಯಮ ಬದಲಾಯಿತು.

ಸಹಿ ಹಾಕಿದರೆ ಹೊಣೆ ಯಾರದು?

ಪೋಷಕರ ಸಹಿ ಇದೆ ಎಂಬ ಒಂದೇ ಕಾರಣಕ್ಕೆ ಶಾಲೆ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗುವುದಿಲ್ಲ. ಮಕ್ಕಳ ಸುರಕ್ಷತೆಯಲ್ಲಿ ಆಡಳಿತ ಮಂಡಳಿಯ ಹೊಣೆ ನಿಗದಿಪಡಿಸುವ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ಇದು ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಿಗೆಲ್ಲ ಸಂಬಂಧಿಸಿದ್ದು.

ಶಾಲೆಗೆ ಕೇಳಿ

* ಕಲಿಸುವವರು ಆ ಆಟದಲ್ಲೇ ತರಬೇತಿ ಪಡೆದವರೇ? ಒಬ್ಬರಿಗೆ ಎಷ್ಟು ಮಕ್ಕಳು?
* ಮ್ಯಾಟ್, ಹೆಲ್ಮೆಟ್‌ನಂತಹ ಸಾಮಗ್ರಿ ಎಲ್ಲ ಮಕ್ಕಳಿಗೂ ಸಾಕಾಗುತ್ತದೆಯೇ?
* ವಯಸ್ಸು, ತೂಕ ನೋಡಿ ಜೋಡಿ ಮಾಡುತ್ತಾರೆಯೇ?
* ಪ್ರಥಮ ಚಿಕಿತ್ಸೆ ಬಲ್ಲವರು ಇದ್ದಾರೆಯೇ? ಇಕ್ಕಟ್ಟಿನ ರಸ್ತೆಗೆ ಆಂಬುಲೆನ್ಸ್ ಬರಲು ಸಾಧ್ಯವೇ?
* ಹೆದರುವ ಮಗುವಿಗೆ ಬೇರೆ ಆಟದ ಆಯ್ಕೆ ಇದೆಯೇ?

ತಲೆಗೆ ಪೆಟ್ಟಾದರೆ

ವಾಂತಿ, ತಲೆಸುತ್ತು, ಗೊಂದಲ, ತೀವ್ರ ತಲೆನೋವು ಕಂಡುಬಂದರೆ ತಕ್ಷಣ ಆಟ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಬೇಕು. ಮಿದುಳಿಗೆ ಆಘಾತವಾಗಿದೆ ಎಂಬ ಅನುಮಾನವಿದ್ದರೂ ಅದೇ ದಿನ ಮತ್ತೆ ಆಡಿಸಬಾರದು ಎಂಬುದು ಕ್ರೀಡಾ ವೈದ್ಯರ ಅಂತಾರಾಷ್ಟ್ರೀಯ ಒಮ್ಮತ.

ಬೇಡ ಎನ್ನುವುದೇ ಪರಿಹಾರವೇ?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವನ್ನು ಆಟದಿಂದಲೇ ದೂರವಿಟ್ಟರೆ ಅದರಿಂದಲೂ ನಷ್ಟವಿದೆ. ಆದ್ದರಿಂದ ಆಟದ ಹೆಸರು ಕೇಳಿಯೇ ತೀರ್ಮಾನಿಸುವುದು ಬೇಡ. ಒಮ್ಮೆ ತರಗತಿಗೆ ಹೋಗಿ ನೋಡಿ. ಮೇಲಿನ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಕ್ಕರೆ ಸಹಿ ಹಾಕಬಹುದು, ಸಿಗದಿದ್ದರೆ ವ್ಯವಸ್ಥೆ ಸರಿಯಾಗುವವರೆಗೆ ಕಾಯುವುದೇ ಒಳಿತು.