‘ಸ್ಕೈ ಫೋರ್ಸ್’ ಹೇಳದೆ ಬಿಟ್ಟ ದೇವಯ್ಯ

2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ಗೆ ಮೂಲ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಸಾಹಸ. ಇಂಥ ಕಥೆ ಕೈಯಲ್ಲಿದ್ದೂ ಚಿತ್ರ ನಿರಾಸೆ ಮಾಡಿತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನೋಡಿದವರ ಮನಸ್ಸಿನಲ್ಲಿ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ಮೊದಲನೆಯದು ಚಿತ್ರದ ಪ್ರಚಾರದಲ್ಲೇ ಇತ್ತು: ದೇವಯ್ಯ ಹಾರಿದ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯೇ ಭಾರತದ ಮೊಟ್ಟಮೊದಲ ವೈಮಾನಿಕ ದಾಳಿ. ಅಲ್ಲ. ಅದು ನಡೆದದ್ದು 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು. ಅದಕ್ಕೂ ಮೊದಲೇ, ಸೆಪ್ಟೆಂಬರ್ 1ರ ಸಂಜೆ, ನಮ್ಮ ವ್ಯಾಂಪೈರ್ ಮತ್ತು ಮಿಸ್ಟೇರ್ ವಿಮಾನಗಳು ಛಂಬ್‌ನಲ್ಲಿ ಪಾಕಿಸ್ತಾನಿ ಟ್ಯಾಂಕುಗಳ ಮೇಲೆ ಎರಗಿದ್ದವು.

ದೇವಯ್ಯ ಬಿಸಿರಕ್ತದ ಹುಡುಗ, ಆವೇಶದಲ್ಲಿ ನುಗ್ಗಿದರು ಎಂಬುದು ಇನ್ನೊಂದು. ಆಗ ಅವರಿಗೆ 32 ವರ್ಷ. ಬೇರೆಯವರಿಗೆ ಹಾರಾಟ ಕಲಿಸಿದ ಅನುಭವಿ. ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ತಂಡದಲ್ಲಿ ಸ್ಟ್ಯಾಂಡ್‌ಬೈ ಪೈಲಟ್ ಆಗಿದ್ದರು. ಒಂದು ವಿಮಾನ ಹಿಂದೆ ಸರಿದಾಗ ಆ ಜಾಗ ತುಂಬಿದರು. ಸ್ಟ್ಯಾಂಡ್‌ಬೈ ಇರುವುದೇ ಅದಕ್ಕೆ.

ನನಗೆ ಹೆಚ್ಚು ಸಂಕಟ ಕೊಡುವ ತಪ್ಪು ಕಲ್ಪನೆ ಬೇರೆಯೇ ಇದೆ. ನಮ್ಮ ಹಳೆಯ ಮಿಸ್ಟೇರ್ ವಿಮಾನ ಪಾಕಿಸ್ತಾನದ ಸೂಪರ್‌ಸಾನಿಕ್ ಸ್ಟಾರ್‌ಫೈಟರನ್ನು ಕೆಡವಿತಂತೆ, ಅದೆಲ್ಲ ಸಿನಿಮಾದವರ ಕಟ್ಟುಕತೆ ಎನ್ನುವವರಿದ್ದಾರೆ. ಉತ್ಪ್ರೇಕ್ಷೆ ಅಷ್ಟಿದ್ದರೆ ನಿಜವೂ ಸುಳ್ಳಾಗಿಯೇ ಕಾಣುತ್ತದೆ. ಆದರೆ ಇದು ನಡೆದ ಸಂಗತಿ. ಮಿಸ್ಟೇರ್‌ನ ವೇಗ ಗಂಟೆಗೆ ಸುಮಾರು 1,100 ಕಿ.ಮೀ.; ಸ್ಟಾರ್‌ಫೈಟರ್‌ನದು ಶಬ್ದದ ವೇಗದ ಎರಡು ಪಟ್ಟು. ನೇರ ಓಟದಲ್ಲಿ ಗೆಲ್ಲುವ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು. ತಿರುಗಲು ಅದಕ್ಕೆ ವಿಶಾಲ ಜಾಗ ಬೇಕು. ನೆಲಕ್ಕೆ ಹತ್ತಿರ ಸುತ್ತಾಡಿ ಕಾದುವಾಗ ಅದರ ವೇಗವೇ ಅದಕ್ಕೆ ತೊಡಕು. ಸ್ಟಾರ್‌ಫೈಟರ್‌ನಲ್ಲಿದ್ದ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಹಾರಿಸಿದ ಗುಂಡು ದೇವಯ್ಯ ಅವರ ವಿಮಾನಕ್ಕೆ ತಗುಲಿತ್ತು. ಆ ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿಬಿದ್ದು, ಗನ್‌ನಿಂದಲೇ ಆ ಸ್ಟಾರ್‌ಫೈಟರನ್ನು ಉರುಳಿಸಿದರು. ಅಮ್ಜದ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಹಾಗಾದರೆ ದೇವಯ್ಯ ಅವರಿಗೆ ಮಹಾವೀರ ಚಕ್ರ ಸಿಗಲು 23 ವರ್ಷ ಯಾಕೆ ಬೇಕಾಯಿತು? ಸರ್ಕಾರ ಮುಚ್ಚಿಟ್ಟಿತ್ತು ಎಂದು ಸುಮ್ಮನೆ ಹೇಳಿಬಿಡುತ್ತಾರೆ. ನಿಜವೆಂದರೆ, ಆ ಕಾಳಗವನ್ನು ನಮ್ಮವರು ಯಾರೂ ಕಣ್ಣಾರೆ ಕಂಡಿರಲಿಲ್ಲ. ದಾಖಲೆಯಲ್ಲಿ ಅವರು ‘ಕಾಣೆಯಾದವರು’. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ 1979ರಲ್ಲಿ ಪುಸ್ತಕ ತಂದ ಮೇಲೆ ಈ ಘಟನೆ ಹೊರಬಂತು. ಶತ್ರುಪಕ್ಷದ ಕಡೆಯಿಂದಲೇ ಸಾಕ್ಷಿ ಸಿಕ್ಕಂತಾಯಿತು. ತನೇಜಾ ಅದನ್ನು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮರಣೋತ್ತರವಾಗಿ ಪದಕ ಬಂತು.

ಚಿತ್ರದಲ್ಲಿ ಈ ಪಾತ್ರದ ಹೆಸರು ಟಿ.ಕೆ. ವಿಜಯ. ಕೊಡವರಿಗೆ ಒಕ್ಕದ ಹೆಸರು ಎಂದರೆ ಮನೆತನದ ಗುರುತು. ಅದನ್ನೇ ಅಳಿಸಿದ್ದಕ್ಕೆ ಕೊಡಗಿನಲ್ಲಿ ಅಸಮಾಧಾನ ಎದ್ದದ್ದು ನ್ಯಾಯವೇ. ಹಾರಿದವರು ಅಜ್ಜಮಾಡ ದೇವಯ್ಯ.